ಚೀಟಿ ಹಿಡಿಯದ ಮೋಟಾರು

ತಿಪಟೂರಿನ ನಮ್ಮ ವೈಂಡಿಂಗ್ ಅಂಗಡಿಯಲ್ಲಿ ಗಿರಾಕಿಗಳಿಗೆ ಹೆಸರಿರಲಿಲ್ಲ, ಊರು ಮಾತ್ರ ಇತ್ತು. ಸುಟ್ಟ ಮೋಟಾರನ್ನು ಗಾಡಿಗೆ ಹಾಕಿಕೊಂಡು ಬಂದವನು ಎಂಥ ದೊಡ್ಡ ಕುಳವಾಗಿದ್ದರೂ ಅಪ್ಪ ಹಳೇ ಕ್ಯಾಲೆಂಡರಿನ ಹಾಳೆ ಹರಿದು, ಅದರ ಹಿಂದೆ ಪೆನ್ಸಿಲ್ಲಿನಲ್ಲಿ ‘ಕಂದಿಕೆರೆ, ಐದು ಎಚ್‌ಪಿ’ ಎಂದೋ ‘ಅರಳಗುಪ್ಪೆ, ಮೂರು ಎಚ್‌ಪಿ’ ಎಂದೋ ಬರೆದು ಮೋಟಾರಿಗೆ ಕಟ್ಟುತ್ತಿದ್ದ. ಅಲ್ಲಿಂದಾಚೆಗೆ ಆ ಮನುಷ್ಯನೇ ಕಂದಿಕೆರೆ. “ಕಂದಿಕೆರೆ ಬೆಳಿಗ್ಗೆಯಿಂದ ಎಲ್ಡು ಸಲ ಬಂದೋಯ್ತು ಕಣಪ್ಪ” ಎಂದು ನಾನು ಹೇಳಿದರೆ ಅಪ್ಪನಿಗೆ ಸಾಕಾಗುತ್ತಿತ್ತು.

ಹೊಸದಾಗಿ ತಂತಿ ಹಾಕಿ ಕಟ್ಟಿದ ಮೋಟಾರನ್ನು ನೆಲದ ಮೇಲಿಟ್ಟು ಓಡಿಸಿ ನೋಡುವಾಗ ಅಪ್ಪ ಆ ಚೀಟಿಯನ್ನು ಬಿಚ್ಚಿ ಮೋಟಾರಿನ ಹಿಂಬದಿಯ ತಗಡಿನ ಜಾಲರಿಗೆ ಒಡ್ಡುತ್ತಿದ್ದ. ಜಾಲರಿಯ ಒಳಗೆ, ಮೋಟಾರಿನ ಶಾಫ್ಟಿಗೇ ಸಿಕ್ಕಿಸಿದ ಒಂದು ಫ್ಯಾನು ಇರುತ್ತದೆ. ಅದು ಹೊರಗಿನ ಗಾಳಿಯನ್ನು ಎಳೆದುಕೊಂಡು ಮೋಟಾರಿನ ಮೈಮೇಲೆ ಊದುತ್ತದೆ. ಆ ಎಳೆತಕ್ಕೆ ಚೀಟಿ ಪಟ್ಟನೆ ಜಾಲರಿಗೆ ಅಂಟಿ ನಿಲ್ಲುತ್ತಿತ್ತು. “ಚೀಟಿ ಹಿಡೀತು” ಎಂದು ಅಪ್ಪ ಬೀಡಿ ಹಚ್ಚುತ್ತಿದ್ದ. ಅರ್ಧ ಗಂಟೆ ಓಡಿಸಿ ಸ್ವಿಚ್ ಆರಿಸಿದಾಗ ಚೀಟಿ ತಾನೇ ಉದುರುತ್ತಿತ್ತು. ಇದರಲ್ಲಿ ಪರೀಕ್ಷೆ ಗಿರೀಕ್ಷೆ ಏನೂ ಇರಲಿಲ್ಲ, ಅಂಗಡಿಯ ಕಸದಲ್ಲಿ ಚೀಟಿ ಕಳೆಯದಿರಲಿ ಎಂದು ಹಾಗೆ ಮಾಡುತ್ತಿದ್ದ, ಅಷ್ಟೆ.

ನಾನು ಹುಟ್ಟಿನಿಂದಲೇ ಚಡಪಡಿಕೆಯವಳು. ಕೂತಲ್ಲಿ ಕೂರುವವಳಲ್ಲ, ನಿಂತಲ್ಲಿ ನಿಲ್ಲುವವಳಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದ್ದಾಳೆ ಎಂದು ಅವ್ವ ಬಂದವರ ಮುಂದೆಲ್ಲ ಹೇಳುತ್ತಿದ್ದಳು. ಅಂಥವಳು ಹುಟ್ಟಿದ್ದು ಎಂಥ ಸೀಮೆಯಲ್ಲಿ ನೋಡಿ. ನಮ್ಮಲ್ಲಿ ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿದರೆ ಹನ್ನೊಂದು ತಿಂಗಳು ಅದರ ತಂಟೆಗೆ ಹೋಗುವಂತಿಲ್ಲ. ಒಳಗಿನ ನೀರು ತಾನಾಗಿ ಇಂಗಬೇಕು, ತಿರುಳು ತಾನಾಗಿ ಕರಟ ಬಿಡಬೇಕು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಉಂಡೆಯಾಗಿ ಒಣಗಿದ ಗಿಟುಕು ಲೊಟಲೊಟ ಎನ್ನಬೇಕು. ಅವಸರ ಮಾಡಿದವನ ಕೊಬ್ಬರಿಗೆ ಬೂಷ್ಟು. ಹೀಗಾಗಿ ನಮ್ಮ ಜನಕ್ಕೆ ನಿಧಾನವೇ ಪ್ರಧಾನ ಎನ್ನುವುದು ಬರೀ ಗಾದೆಯಲ್ಲ, ಹೊಟ್ಟೆಪಾಡು. ನಿಧಾನದಿಂದ ಕೆಟ್ಟ ವಸ್ತು ಈ ಭೂಮಿಯ ಮೇಲೆ ಉಂಟೆಂದು ಅವರು ನಂಬಲು ತಯಾರಿರಲಿಲ್ಲ. ನನಗೋ ಬಸ್ಸು ಎರಡು ನಿಮಿಷ ತಡವಾದರೆ ನಡೆದೇ ಹೊರಟುಬಿಡುವ ಚಾಳಿ.

ಪಿಯುಸಿ ಮುಗಿಸಿ ಮನೆಯಲ್ಲಿ ಕೂರಲಾರದೆ ಅಂಗಡಿಗೆ ಹೋಗತೊಡಗಿದ್ದೆ. ಅಪ್ಪ ನನಗೆ ಮರದ ಅಚ್ಚಿನ ಮೇಲೆ ಸುತ್ತು ಎಣಿಸಿ ಕಾಯಿಲ್ ಸುತ್ತುವುದನ್ನು, ತಂತಿಗೆ ಕಬ್ಬಿಣ ತಾಗದಂತೆ ಇಡುವ ಕಾಗದ ಕತ್ತರಿಸುವುದನ್ನು ಬಿಟ್ಟಿದ್ದ. ಆದರೆ ಆ ಕಾಯಿಲುಗಳನ್ನು ಮೋಟಾರಿನ ಒಳಗಿನ ಸೀಳುಗಳಲ್ಲಿ ತುಂಬುವ ಕೆಲಸಕ್ಕೆ ಮಾತ್ರ ನನ್ನನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಅದಕ್ಕೆ ಅವನ ಬಳಿ ಒಂದು ಬಿದಿರಿನ ಪಟ್ಟಿ ಇತ್ತು. ಕಬ್ಬಿಣದ ಸಾಮಾನು ತಾಗಿಸಿದರೆ ತಂತಿಯ ಮೇಲಿನ ಎನಾಮಲ್ ಕಿತ್ತುಹೋಗುತ್ತದೆಂದು ಬಿದಿರಿನಿಂದಲೇ ಒಂದೊಂದು ಎಳೆಯನ್ನೂ ಒಳಗೆ ಒತ್ತಬೇಕು. ಇಪ್ಪತ್ತೈದು ವರ್ಷ ಒತ್ತಿ ಒತ್ತಿ ಆ ಪಟ್ಟಿಯಲ್ಲಿ ಅಪ್ಪನ ಹೆಬ್ಬೆರಳಿನ ಗುಳಿ ಬಿದ್ದಿತ್ತು, ಬಣ್ಣ ಬೆಲ್ಲದಂತಾಗಿತ್ತು. ನಾನು ಮುಟ್ಟಿದರೆ “ಇಡವ್ವ ಕೆಳೀಕೆ” ಎನ್ನುತ್ತಿದ್ದ. “ನಿನ್ನ ಕೈಗೆ ಅವಸರ ಜಾಸ್ತಿ. ತಂತಿ ಮುನಿಸ್ಕೊಳ್ತದೆ.” ನಾನು ಕದ್ದು ನನ್ನದೇ ಒಂದು ಪಟ್ಟಿ ಕೆತ್ತಿಕೊಂಡು ಗುಜರಿಯ ಮೋಟಾರುಗಳ ಮೇಲೆ ಕೈ ಪಳಗಿಸಿಕೊಳ್ಳುತ್ತಿದ್ದೆ. ಅವನಿಗೆ ಗೊತ್ತಿತ್ತು, ಗೊತ್ತಿಲ್ಲದವನಂತೆ ಇದ್ದ.

ಎಂಬತ್ತರ ದಶಕದ ಕೊನೆಯ ಹೊತ್ತಿಗೆ ತುರುವೇಕೆರೆ ರಸ್ತೆಯ ಕಾಯಿ ಪೌಡರ್ ಫ್ಯಾಕ್ಟರಿಗೆ ಮೋಟಾರಿನ ವೇಗ ಬದಲಿಸುವ ಪೆಟ್ಟಿಗೆಯೊಂದು ಬಂತು. ಆ ಫ್ಯಾಕ್ಟರಿಯಲ್ಲಿ ಹಸಿ ಕಾಯಿಯನ್ನು ತುರಿದು, ಬಿಸಿಗಾಳಿಯ ಸುರಂಗದಂಥ ಡ್ರೈಯರಿನೊಳಗೆ ಬೆಲ್ಟಿನ ಮೇಲೆ ಸಾಗಿಸಿ ಒಣಗಿಸುತ್ತಾರೆ. ಬೆಲ್ಟು ಜೋರಾಗಿ ಓಡಿದರೆ ತುರಿ ಹಸಿ ಉಳಿಯುತ್ತದೆ, ನಿಧಾನವಾದರೆ ಕೆಂಪಗಾಗುತ್ತದೆ. ಬಿಸಿಲಿಗೊಂದು ವೇಗ, ಮಳೆಗೊಂದು ವೇಗ. ಮೊದಲೆಲ್ಲ ಇದಕ್ಕೆ ಮೂರು ಮೆಟ್ಟಿಲಿನ ಪುಲ್ಲಿ ಇತ್ತು. ವೇಗ ಬದಲಿಸಬೇಕಾದಾಗ ಎಲ್ಲ ನಿಲ್ಲಿಸಿ ಪುಲ್ಲಿಯ ರಬ್ಬರ್ ಪಟ್ಟಿಯನ್ನು ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಹತ್ತಿಸುವಷ್ಟರಲ್ಲಿ ಒಳಗಿದ್ದ ತುರಿ ಹಾಳು. ಹೊಸ ಪೆಟ್ಟಿಗೆಯಲ್ಲಿ ಒಂದು ಗುಂಡಿ ತಿರುಗಿಸಿದರೆ ಮೋಟಾರೇ ನಿಧಾನವಾಗುತ್ತಿತ್ತು. ಕರೆಂಟು ನಮ್ಮ ಮನೆಗಳಿಗೆ ಸೆಕೆಂಡಿಗೆ ಐವತ್ತು ಸಲ ಹಿಂದೆ ಮುಂದೆ ತೂಗಿಕೊಂಡು ಬರುತ್ತದೆ, ಮೋಟಾರಿನ ವೇಗ ಆ ಐವತ್ತಕ್ಕೆ ಕಟ್ಟುಬಿದ್ದಿರುತ್ತದೆ. ಈ ಪೆಟ್ಟಿಗೆ ಬಂದ ಕರೆಂಟನ್ನು ಮುರಿದು, ನಾವು ಹೇಳಿದಷ್ಟು ಸಲ ತೂಗುವಂತೆ ಮಾಡಿ ಕಳಿಸುತ್ತದೆ. ಐವತ್ತು, ಮೂವತ್ತು, ಹದಿನೈದು, ಕೆಂಪು ಅಂಕಿಯಲ್ಲಿ ಕಾಣುತ್ತದೆ. ನಾನಂತೂ ಮೊದಲ ದಿನವೇ ಅದಕ್ಕೆ ಮನಸೋತೆ. ವೇಗ ಎನ್ನುವುದು ಬೆರಳ ತುದಿಯಲ್ಲಿ ಸಿಗುತ್ತದೆಂದರೆ ನನ್ನಂಥವಳಿಗೆ ಇನ್ನೇನು ಬೇಕು.

ಅಪ್ಪನಿಗೆ ಅದು ಹಿಡಿಸಲಿಲ್ಲ. ಅವನು ಸ್ಕ್ರೂಡ್ರೈವರಿನ ತುದಿಯನ್ನು ಮೋಟಾರಿಗಿಟ್ಟು ಹಿಡಿಯನ್ನು ಕಿವಿಗಿಟ್ಟು ಅದರ ಆರೋಗ್ಯ ಹೇಳುವವನು. ಆ ಪೆಟ್ಟಿಗೆಯ ಕರೆಂಟು ಕುಡಿದ ಮೋಟಾರು ಕೀರಲು ದನಿಯಲ್ಲಿ ಹಾಡುತ್ತಿತ್ತು. “ಇದು ನನಗೆ ಗೊತ್ತಿರೋ ಸದ್ದಲ್ಲ ಕಣವ್ವ” ಎಂದು ಸ್ಕ್ರೂಡ್ರೈವರನ್ನು ಜೇಬಿಗೆ ಹಾಕಿಕೊಂಡ.

ಆ ಮೋಟಾರನ್ನು ಆರು ವರ್ಷದ ಹಿಂದೆ ಕಟ್ಟಿದ್ದವನು ಅಪ್ಪನೇ. ಪುಲ್ಲಿಯ ಕಾಲದಲ್ಲಿ ಒಂದು ದಿನವೂ ಕೆಮ್ಮಿರಲಿಲ್ಲ. ಉತ್ತರೆ ಮಳೆ ಹಿಡಿದು ಪೆಟ್ಟಿಗೆಯ ಗುಂಡಿಯನ್ನು ಹದಿನೈದಕ್ಕೆ ಇಳಿಸಿ ಹತ್ತು ದಿನ ಓಡಿಸಿದ್ದರೋ ಇಲ್ಲವೋ, ಹೊಗೆ ಬಂತು. ಪೆಟ್ಟಿಗೆ ಕೂರಿಸಿದ್ದ ಬೆಂಗಳೂರಿನ ಫಿಟ್ಟರು ಬಂದು ಮೀಟರ್ ನೋಡಿ, ಮೋಟಾರು ಎಳೆಯಬೇಕಾದ್ದಕ್ಕಿಂತ ಒಂದು ಚೂರೂ ಹೆಚ್ಚು ಕರೆಂಟು ಎಳೆದಿಲ್ಲ, ವೈಂಡಿಂಗ್ ಹಳೆಯದಾಗಿತ್ತು ಎಂದು ಹೇಳಿ ಹೋದ. ಅಪ್ಪ ತಕರಾರಿಲ್ಲದೆ ಹೊಸದಾಗಿ ಕಟ್ಟಿದ. ಮೂರು ದಿನದ ಕೆಲಸಕ್ಕೆ ಐದು ದಿನ ತೆಗೆದುಕೊಂಡ. ಹಸ್ತೆ ಮಳೆಯಲ್ಲಿ ಅದೂ ಸುಟ್ಟಿತು.

ಬಿಚ್ಚಿ ನೋಡಿದರೆ ಎರಡು ಸಲವೂ ಒಂದೇ ಥರ. ಅಷ್ಟೂ ಕಾಯಿಲುಗಳು ಸುತ್ತಲೂ ಸಮನಾಗಿ ಕರಕಲು. ಅಪ್ಪ ನನಗೆ ಹೇಳಿಕೊಟ್ಟಿದ್ದ ಲೆಕ್ಕವೇ ಇತ್ತು: ಒಂದು ಕಡೆ ಮಾತ್ರ ಸುಟ್ಟಿದ್ದರೆ ಕಟ್ಟಿದವನ ಕೈ ತಪ್ಪು, ಎಲ್ಲ ಸಮ ಸುಟ್ಟಿದ್ದರೆ ಓಡಿಸಿದವನ ತಪ್ಪು. ಆದರೆ ಓಡಿಸಿದವನ ಬಳಿ ಮೀಟರಿನ ಸಾಕ್ಷಿ ಇತ್ತು. ಫ್ಯಾಕ್ಟರಿಯ ಸಾವ್ಕಾರರು ಕೆಟ್ಟವರಲ್ಲ, ಮೆತ್ತಗೇ ಹೇಳಿದರು. “ಬೇಜಾರು ಮಾಡ್ಕೋಬೇಡಿ ಮೇಸ್ತ್ರಿ. ವಯಸ್ಸು ಯಾರನ್ನ ಬುಡ್ತದೆ? ಕಣ್ಣು ಮೊದಲಿನಂಗೆ ಇರಲ್ಲ.” ಅವರು ಬೈದಿದ್ದರೆ ಅಪ್ಪ ತಿರುಗಿ ಬೈದು ಮರೆಯುತ್ತಿದ್ದ. ಆ ಮೆತ್ತನೆಯ ಮಾತು ಅವನೊಳಗೆ ಇಳಿದುಬಿಟ್ಟಿತು.

ಅಂದಿನಿಂದ ಅಪ್ಪ ತನ್ನ ಕೈಯನ್ನು ನೋಡಿಕೊಳ್ಳುವುದು ಶುರುವಾಯಿತು. ಊಟಕ್ಕೆ ಕೂತಾಗ ಬೆರಳು ಮಡಚಿ ಬಿಚ್ಚುವುದು, ಬೆಳಕಿಗೆ ಹಿಡಿದು ನಡುಗುತ್ತದೆಯೋ ಎಂದು ನೋಡುವುದು. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ, ಎದ್ದು ಹೋಗಿ ಸುಮ್ಮನೆ ಅಂಗಳ ಗುಡಿಸುತ್ತಿದ್ದೆ. ಹುಳಿಯಾರಿನಿಂದ ಬಂದ ಒಂದು ಸಣ್ಣ ಪಂಪಿನ ಮೋಟಾರನ್ನೂ ಅವನು ವಾಪಸು ಕಳಿಸಿದ. ಒಂದು ಬೆಳಿಗ್ಗೆ, ಫ್ಯಾಕ್ಟರಿಯ ಮೋಟಾರಿನ ಸುಟ್ಟ ತಂತಿಯನ್ನೆಲ್ಲ ತೆಗೆದು ಖಾಲಿ ಮಾಡಿ ನನ್ನ ಮುಂದಿಟ್ಟ.

“ನೀನೇ ಕಟ್ಟವ್ವ” ಎಂದ. “ನಾನು ಮುಟ್ಟಲ್ಲ. ನಿನ್ನದು ಉಳಿದ್ರೆ ಅಂಗಡಿ ಉಳೀತದೆ.”

ವರ್ಷಗಟ್ಟಲೆ ನಾನು ಕಾದಿದ್ದ ಮಾತು ಅದು. ಬಂದಾಗ ಬೇಡವಾಯಿತು. ಏಕೆಂದರೆ ಲೆಕ್ಕ ಸ್ಪಷ್ಟವಾಗಿತ್ತು. ನಾನು ಕಟ್ಟಿದ್ದು ಸುಟ್ಟರೆ ಅಪ್ಪನದೂ ಮಗಳದೂ ಒಂದೇ ಕೈ ಎಂದು ಊರು ಆಡಿಕೊಳ್ಳುತ್ತದೆ. ಸುಡದೆ ಉಳಿದರೆ ಅಪ್ಪನ ಕೈ ಹೋಯಿತೆಂದು ನಾನೇ ಸಾಬೀತು ಮಾಡಿದಂತೆ. ಅತ್ತ ದರಿ ಇತ್ತ ಪುಲಿ. ನಾಲ್ಕು ದಿನ ನನ್ನ ಪಟ್ಟಿ ಹಿಡಿದು ಕಟ್ಟಿದೆ. ಒಂದು ಕಾಯಿಲ್ ಕೂರಿಸುವುದು, ಎದ್ದು ಬಾಗಿಲವರೆಗೆ ಹೋಗಿ ಬರುವುದು, ಇನ್ನೊಂದು ಕೂರಿಸುವುದು. ಅಪ್ಪ ಮೂಲೆಯ ಸ್ಟೂಲಿನ ಮೇಲೆ ಕೂತು ಬೀದಿ ನೋಡುತ್ತಿದ್ದ. ಒಂದು ಸಲವೂ ಬಗ್ಗಿ ನನ್ನ ಕೆಲಸ ನೋಡಲಿಲ್ಲ. ಕೊನೆಗೆ ಓಡಿಸಿದಾಗ ನಾನೇ ಚೀಟಿ ಒಡ್ಡಿದೆ. ಹಿಡಿಯಿತು.

ಫ್ಯಾಕ್ಟರಿಯಲ್ಲಿ ಕೂರಿಸಿದ ದಿನ ಮಳೆ ಬಿಟ್ಟಿತ್ತು, ಚುರುಕು ಬಿಸಿಲು. ಡ್ರೈಯರ್ ನೋಡಿಕೊಳ್ಳುವ ಆಪರೇಟರ್ ಅಣ್ಣ ಗುಂಡಿಯನ್ನು ನಲವತ್ತಕ್ಕಿಟ್ಟ. ನಾನು ಅರ್ಧ ಗಂಟೆಗೊಮ್ಮೆ ಮೋಟಾರಿನ ಮೇಲೆ ಅಂಗೈ ಇಡುತ್ತಿದ್ದೆ. ಅಂಗೈ ಇಟ್ಟು ಹತ್ತು ಎಣಿಸುವವರೆಗೂ ತಡೆಯುವಂತಿದ್ದರೆ ಮೋಟಾರು ಸುಖವಾಗಿದೆ ಎಂಬುದು ಅಪ್ಪನ ಅಳತೆ. ನಾನು ಹದಿನೈದು ಎಣಿಸಿದೆ. ಸಂಜೆ ಶಿಫ್ಟು ಮುಗಿಯುವ ತನಕ ಕಾಯುವ ತಾಳ್ಮೆಯಿಲ್ಲದೆ ನಾಲ್ಕು ಗಂಟೆಯ ಬಸ್ಸು ಹಿಡಿದು ಮನೆಗೆ ಓಡಿದೆ. ಚಪ್ಪಲಿ ಬಿಡುವ ಮೊದಲೇ ಕೂಗಿದೆ. “ತಣ್ಣಗೈತೆ ಕಣಪ್ಪ! ಹದಿನೈದು ಎಣಿಸ್ದೆ!”

ಅಪ್ಪ ನನ್ನ ಮುಖ ನೋಡಿದ. “ಒಳ್ಳೇದಾಯ್ತು ಬುಡು” ಎಂದು ಎದ್ದು ಹಿತ್ತಲ ನೀರೊಲೆಯ ಕಡೆ ಹೋದ. ಸ್ನಾನಕ್ಕೆ ಉರಿ ಹಾಕಲು ಹೋದ ಎಂದುಕೊಂಡೆ. ನಾನು ಅಡುಗೆಮನೆಗೆ ನುಗ್ಗಿ ಅವ್ವನಿಗೂ ಅದೇ ಕಥೆ ಹೇಳಿದೆ.

ಮರುದಿನ ನಾನು ಫ್ಯಾಕ್ಟರಿ ತಲುಪುವಷ್ಟರಲ್ಲಿ ಮೋಡ ಕವಿದು ಜಡಿ ಹಿಡಿಯಿತು. ಆಪರೇಟರ್ ಅಣ್ಣ ಗುಂಡಿಯನ್ನು ಹದಿನೈದಕ್ಕೆ ಇಳಿಸಿದ. ಬೆಲ್ಟು ಬಸುರಿ ಎಮ್ಮೆಯಂತೆ ತೆವಳತೊಡಗಿತು. ಒಂದು ಗಂಟೆ ಬಿಟ್ಟು ಅಂಗೈ ಇಟ್ಟೆ, ಎಂಟು. ಆಮೇಲೆ ಐದು. ಮಧ್ಯಾಹ್ನಕ್ಕೆ ಮೂರು ಎಣಿಸುವಷ್ಟರಲ್ಲಿ ಕೈ ಕಿತ್ತುಕೊಂಡೆ.

“ಅಣ್ಣ, ಮೋಟಾರು ಕಾಯ್ತಾ ಐತೆ.”

“ಡ್ರೈಯರ್ ಕಾವು ಕಣವ್ವ ಅದು, ಪಕ್ಕದಾಗೇ ಐತಲ್ಲ. ನಿಧಾನಕ್ಕೆ ಓಡೋ ಮೋಟಾರು ಎಲ್ಲಾದ್ರೂ ಕಾಯ್ತದಾ? ನಿಧಾನಕ್ಕೆ ನಡೆಯೋ ಎತ್ತಿಗೆ ಬೆವರು ಬತ್ತದಾ?”

ಆ ಮಾತು ನನಗೂ ಸರಿಯೆನಿಸಿತು ಎನ್ನುವುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಅಪ್ಪನಿಗೂ ಹಾಗೇ ಅನ್ನಿಸಿತ್ತು, ಸಾವ್ಕಾರರಿಗೂ. ಅಟ್ಟದ ಕೊಬ್ಬರಿ ತಿಂದು ಬೆಳೆದ ಯಾರಿಗೂ ಬೇರೆ ಥರ ಅನ್ನಿಸಲು ಸಾಧ್ಯವಿರಲಿಲ್ಲ. ಆದರೂ ನನ್ನ ಮೈಮೇಲೆ ಇರುವೆ ಬಿಟ್ಟಂತಾಗಿತ್ತು. ಇದು ಸುಡುತ್ತದೆ ಎಂದು ಭಯ. ಸುಟ್ಟರೆ ಅಪ್ಪನೊಬ್ಬನದೇ ತಪ್ಪಲ್ಲ ಎಂದಾಗುತ್ತದೆ ಎಂದು ಒಳಗೊಳಗೇ ಆಸೆ. ನಾನೇ ಕಟ್ಟಿದ ಮೋಟಾರು ಸುಡಲಿ ಎಂದು ಬಯಸುತ್ತ ಅದರ ಸುತ್ತ ಹತ್ತು ಹೆಜ್ಜೆ ಅತ್ತ, ಹತ್ತು ಹೆಜ್ಜೆ ಇತ್ತ ತಿರುಗುತ್ತಿದ್ದೆ. “ತಲೆ ಸುತ್ತಿ ಬೀಳ್ತೀಯ, ಕೂತ್ಕೋ ತಾಯಿ” ಎಂದು ಆಪರೇಟರ್ ಅಣ್ಣ ಕೈ ಮುಗಿದ.

ಕೈ ಸುಮ್ಮನಿರಲಾರದೆ, ಮೋಟಾರಿಗೆ ಇನ್ನೂ ಕಟ್ಟಿಯೇ ಇದ್ದ ಚೀಟಿಯನ್ನು ಬಿಚ್ಚಿದೆ. ‘ಪೌಡರ್ ಫ್ಯಾಕ್ಟರಿ, ಐದು ಎಚ್‌ಪಿ’. ಅಭ್ಯಾಸಬಲದಿಂದ ಹಿಂದಿನ ಜಾಲರಿಗೆ ಒಡ್ಡಿದೆ. ಚೀಟಿ ಉದುರಿ ನೆಲಕ್ಕೆ ಬಿತ್ತು. ಎತ್ತಿ ಮತ್ತೆ ಒಡ್ಡಿದೆ, ಮತ್ತೆ ಬಿತ್ತು. ಮೋಟಾರು ಓಡುತ್ತಿದೆ, ಚೀಟಿ ಹಿಡಿಯುತ್ತಿಲ್ಲ. ಹುಟ್ಟಿದಾಗಿನಿಂದ ನಾನು ಕಂಡಿರದ ಸಂಗತಿ ಅದು.

“ಅಣ್ಣ, ಗುಂಡಿ ಐವತ್ತಕ್ಕೆ ತಿರುಗ್ಸು!”

“ತುರಿ ಹಸಿ ಹೋಯ್ತದೆ ಕಣೇ!”

“ಎಲ್ಡೇ ನಿಮಿಷ, ನಿನ್ನ ದಮ್ಮಯ್ಯ!”

ಅವನು ಬೈದುಕೊಂಡೇ ತಿರುಗಿಸಿದ. ಮೋಟಾರು ಸೊಯ್ಯನೆ ಏರಿತು, ಚೀಟಿ ನನ್ನ ಬೆರಳಿನಿಂದ ಕಿತ್ತುಕೊಂಡು ಜಾಲರಿಗೆ ಅಂಟಿತು. ಇಳಿಸು ಎಂದೆ. ನಲವತ್ತಕ್ಕೆ ಹಿಡಿದೇ ಇತ್ತು. ಮೂವತ್ತಕ್ಕೆ ಅಂಚು ನಡುಗಿತು. ಇಪ್ಪತ್ತು ದಾಟಿ ಕೆಳಗಿಳಿಯುವಷ್ಟರಲ್ಲಿ ಉದುರಿತು. ಮತ್ತೆ ಏರಿಸಿದರೆ ಮತ್ತೆ ಹಿಡಿಯಿತು. ಆಪರೇಟರ್ ಅಣ್ಣ ಬೈಯುವುದನ್ನು ಬಿಟ್ಟು ಬಾಯಿ ತೆರೆದು ನೋಡತೊಡಗಿದ. ಕಾಯಿ ತುರಿಯುತ್ತಿದ್ದ ಹೆಂಗಸರೂ ಬಂದು ನಿಂತರು.

ಇಷ್ಟೇ ವಿಷಯ. ಪುಲ್ಲಿಯ ಕಾಲದಲ್ಲಿ ಬೆಲ್ಟು ಮಾತ್ರ ನಿಧಾನವಾಗುತ್ತಿತ್ತು, ಮೋಟಾರು ಎಂದಿನ ವೇಗದಲ್ಲೇ ಓಡಿ ತನ್ನ ಗಾಳಿಯನ್ನು ತಾನೇ ಬೀಸಿಕೊಳ್ಳುತ್ತಿತ್ತು. ಈ ಪೆಟ್ಟಿಗೆ ಮೋಟಾರನ್ನೇ ನಿಧಾನ ಮಾಡಿತು. ಎಳೆಯುವ ಭಾರ ಅಷ್ಟೇ, ಕರೆಂಟೂ ಅಷ್ಟೇ, ಒಳಗೆ ಹುಟ್ಟುವ ಬಿಸಿಯೂ ಹೆಚ್ಚುಕಡಿಮೆ ಅಷ್ಟೇ. ಗಾಳಿ ಮಾತ್ರ ಇಲ್ಲ. ಮೀಟರು ಸುಳ್ಳು ಹೇಳಿರಲಿಲ್ಲ, ಆದರೆ ಗಾಳಿಯನ್ನು ಅಳೆಯುವ ಮೀಟರು ಅದಾಗಿರಲಿಲ್ಲ. ನಿಧಾನದಿಂದಲೇ ಮೋಟಾರು ಉಸಿರುಗಟ್ಟಿ ಸತ್ತಿತ್ತು, ಎರಡು ಸಲ.

ನಾನು ಸಾವ್ಕಾರರ ಕೋಣೆಗೆ ನುಗ್ಗಿ ಅವರ ಟೇಬಲ್ ಫ್ಯಾನ್ ಕೇಳಿದೆ. “ಮೋಟಾರಿಗೂ ಗಾಳಿ ಬೀಸ್ಬೇಕೇನವ್ವ?” ಎಂದು ಅವರು ಹೊಟ್ಟೆ ಕುಣಿಸಿ ನಕ್ಕರು. “ಹಂಗೇ ಒಂದು ಎಳನೀರೂ ಕುಡಿಸ್ಬುಡು.” ಆದರೂ ಕೊಟ್ಟರು. ಗುಂಡಿ ಹದಿನೈದರಲ್ಲೇ ಇತ್ತು, ಹೊರಗೆ ಮಳೆ ಸುರಿಯುತ್ತಲೇ ಇತ್ತು. ಫ್ಯಾನನ್ನು ಮೋಟಾರಿನ ಹಿಂದೆ ಇಟ್ಟು ಒಂದು ಗಂಟೆ ಬಿಟ್ಟು ಅಂಗೈ ಇಟ್ಟರೆ ಏಳು. ಇನ್ನೊಂದು ಗಂಟೆಗೆ ಹನ್ನೆರಡು. ಸಾವ್ಕಾರರು ತಾವೂ ಅಂಗೈ ಇಟ್ಟು ನೋಡಿ, ನಗುವುದನ್ನು ನಿಲ್ಲಿಸಿದರು. ಬೀರುವಿನಿಂದ ಪೆಟ್ಟಿಗೆಯ ಜೊತೆ ಬಂದಿದ್ದ ಇಂಗ್ಲಿಷ್ ಪುಸ್ತಕ ತೆಗೆಸಿದರು. ಕೊನೆಯ ಪುಟಗಳಲ್ಲಿ ಸಣ್ಣ ಅಕ್ಷರದಲ್ಲಿ ಅದು ಇತ್ತು. ನಿಧಾನ ವೇಗದಲ್ಲಿ ಬಹಳ ಹೊತ್ತು ಓಡಿಸುವುದಾದರೆ ಮೋಟಾರಿಗೆ ಬೇರೆ ಗಾಳಿ ಒದಗಿಸಿ ಎಂದು. ಆ ಪುಟವನ್ನು ಯಾರೂ ಬಿಡಿಸಿಯೇ ಇರಲಿಲ್ಲ. ನನಗೆ ಬಂದ ಸಿಟ್ಟನ್ನು ಈಗಲೂ ನೆನೆಸಿಕೊಂಡರೆ ಕೈ ಬಿಸಿಯಾಗುತ್ತದೆ. ಆ ಒಂದು ಸಾಲನ್ನು ಯಾರೂ ಓದದ್ದಕ್ಕೆ ನನ್ನಪ್ಪ ಎಷ್ಟು ದಿನ ತನ್ನ ಬೆರಳುಗಳನ್ನು ಬೆಳಕಿಗೆ ಹಿಡಿದು ನೋಡಿಕೊಂಡಿದ್ದ.

ಬಸ್ಸಿಗೆ ಕಾಯಲಿಲ್ಲ. ತಿಪಟೂರಿನ ಕಡೆ ಹೊರಟಿದ್ದ ಫ್ಯಾಕ್ಟರಿಯ ವ್ಯಾನು ಹತ್ತಿ ಮನೆಗೆ ಹೋಗಿ, ಅಪ್ಪನಿಗೆ ಏನೂ ಹೇಳದೆ ಕೈ ಹಿಡಿದು ಎಳೆದುಕೊಂಡು ಬಂದೆ. “ಇದೂ ಸುಟ್ಟೋಯ್ತಾ?” ಎಂದು ದಾರಿಯುದ್ದಕ್ಕೂ ಕೇಳುತ್ತಿದ್ದ. ಬಾಯಲ್ಲಿ ಹೇಳಿದರೆ ಸಮಾಧಾನಕ್ಕೆ ಹೇಳುತ್ತಿದ್ದೇನೆ ಎಂದುಕೊಂಡಾನು ಎಂದು ನಾನು ತುಟಿ ಕಚ್ಚಿಕೊಂಡಿದ್ದೆ.

ಮೋಟಾರಿನ ಮುಂದೆ ನಿಲ್ಲಿಸಿ, ಟೇಬಲ್ ಫ್ಯಾನನ್ನು ಒಂದು ಗಳಿಗೆ ಆರಿಸಿ, ಅವನ ಕೈಗೆ ಚೀಟಿ ಕೊಟ್ಟೆ. ಒಡ್ಡಿದ. ಬಿತ್ತು. ಬಗ್ಗಿ ಎತ್ತಿಕೊಂಡು ಮತ್ತೆ ಒಡ್ಡಿದ. ಬಿತ್ತು. ನಾನು ಆಪರೇಟರ್ ಅಣ್ಣನಿಗೆ ಸನ್ನೆ ಮಾಡಿದೆ. ವೇಗ ಏರಿತು, ಚೀಟಿ ಹಿಡಿಯಿತು. ಮತ್ತೆ ಇಳಿಯಿತು, ಚೀಟಿ ಉದುರಿ ಅವನ ಪಾದದ ಮೇಲೆ ಬಿತ್ತು. ನಾನು ಟೇಬಲ್ ಫ್ಯಾನ್ ಮತ್ತೆ ಹಾಕಿದೆ. ಅಪ್ಪ ಅದನ್ನು ನೋಡಿದ, ಮೋಟಾರಿನ ಮೇಲೆ ಅಂಗೈ ಇಟ್ಟ. ಅವನ ತುಟಿ ಅಲ್ಲಾಡುತ್ತಿತ್ತು. ಹತ್ತು ದಾಟಿದರೂ ಎಣಿಸುತ್ತಲೇ ಇದ್ದ. ಸಾವ್ಕಾರರು ಬಂದು ನಿಂತು, “ತಪ್ಪಾಯ್ತು ಮೇಸ್ತ್ರಿ” ಎಂದು ಎಲ್ಲರ ಮುಂದೆಯೇ ಹೇಳಿದರು. ಅಪ್ಪ ತಲೆಯಾಡಿಸಿದ, ಅಷ್ಟೆ.

“ನಿನ್ನ ಕೈ ಸರಿಯಾಗೇ ಇತ್ತು ಕಣಪ್ಪ” ಎಂದೆ. “ಎಲ್ಡು ಸಲಾನೂ ಸರಿಯಾಗೇ ಇತ್ತು.”

ಅಪ್ಪ ಅಂಗೈ ತೆಗೆಯದೆಯೇ ಹೇಳಿದ. “ನನ್ನ ಬಿದಿರು ಪಟ್ಟಿ ಒಲೆಗೆ ಹಾಕ್ಬುಟ್ನಲ್ಲವ್ವ.”

“ಯಾವಾಗ?”

“ನಿನ್ನೆ. ನೀನು ಬಂದು ತಣ್ಣಗೈತೆ ಅಂದ್ಯಲ್ಲ, ಆವಾಗ.”

ನಾನು ಅಲ್ಲೇ, ತುರಿ ಚೆಲ್ಲಿದ್ದ ನೆಲದ ಮೇಲೆ ಕೂತುಬಿಟ್ಟೆ. ನಾಲ್ಕು ಗಂಟೆಯ ಬಸ್ಸು ತಪ್ಪಿಹೋಗಿದ್ದರೆ, ಒಂದೇ ಒಂದು ದಿನ ನನ್ನ ಬಾಯಿ ಸುಮ್ಮನಿದ್ದಿದ್ದರೆ ಎಂದು ಈಗಲೂ ಲೆಕ್ಕ ಹಾಕುತ್ತೇನೆ. ಹೊರಡುವಾಗ ಅಪ್ಪನೇ ನನ್ನ ಕೈ ಹಿಡಿದು ಎಬ್ಬಿಸಿದ.

ಅದೇ ವಾರ ನಾನು ಬಿದಿರು ತಂದು ಸೀಳಿ ಕೆತ್ತಲು ಕೂತೆ. ಅಪ್ಪ ಬೇಡವೆಂದ. ಹಸಿ ಬಿದಿರಿನ ಪಟ್ಟಿ ಬಗ್ಗುತ್ತದಂತೆ. ನಿಧಾನವಾಗಿ ಒಣಗಬೇಕು, ಅಟ್ಟದ ಮೇಲೆ ಕಾಯಿಯ ಜೊತೆ ಹಾಕು, ಕಾಯಿ ಇಳಿಸುವಾಗ ಅದನ್ನೂ ಇಳಿಸೋಣ ಎಂದ. ಅಷ್ಟೂ ತಿಂಗಳು ಅವನು ನನ್ನ ಪಟ್ಟಿಯಲ್ಲೇ ಮೋಟಾರು ಕಟ್ಟಿದ. ಅಂಗಡಿ ಅವನದು, ವಿದ್ಯೆ ಅವನದು, ಪಟ್ಟಿ ಅವನ ಕೈಗೆಟುಕುವಲ್ಲೇ ಬಿದ್ದಿರುತ್ತಿತ್ತು. ಆದರೂ ಪ್ರತಿ ಸಲ ನನ್ನ ಕಡೆ ತಿರುಗಿ, “ನಿನ್ನ ಪಟ್ಟಿ ಒಸಿ ಕೊಡ್ತೀಯೇನವ್ವ?” ಎಂದು ಕೇಳಿಯೇ ತೆಗೆದುಕೊಳ್ಳುತ್ತಿದ್ದ.